ಬಿಸಿ ಕಾಳಿನ ಮುಂದೆ ಸೋಲುವ ತೇವಾಂಶ ಮೀಟರ್: ಮೂರು ಸುಗ್ಗಿ ಬಳಸಿದ ಮೇಲೆ

ಈ ಕೈ ಮೀಟರನ್ನು ಮೂರು ಸುಗ್ಗಿಯಿಂದ ಬಳಸುತ್ತಿದ್ದೇನೆ. ಹೆಚ್ಚಾಗಿ ಮೆಕ್ಕೆಜೋಳಕ್ಕೆ. ಮೊದಲ ವರ್ಷ ಇದರ ಮೇಲೆ ಬಂದಷ್ಟು ಸಿಟ್ಟು ಬೇರೆ ಯಾವ ಸಾಮಾನಿನ ಮೇಲೂ ಬಂದಿರಲಿಲ್ಲ.

ಡ್ರೈಯರ್‌ನಿಂದ ಆಗಷ್ಟೇ ತೆಗೆದ ಕಾಳು ಹಾಕಿದೆ. ಶೇ. 14 ಅಂತ ತೋರಿಸಿತು. ಸಾಕು ಅಂದುಕೊಂಡು ಬರ್ನರ್ ನಿಲ್ಲಿಸಿ ಮೂಟೆ ಕಟ್ಟಿದೆ. ಮರುದಿನ ಅದೇ ಮೂಟೆಯ ಕಾಳು 15.5! ಎರಡು ಮೂಟೆಗೆ ಬೂಷ್ಟು ಹಿಡಿಯಿತು. ಆಮೇಲೆ ಹೆದರಿಕೆಗೆ ಪ್ರತಿ ಲೋಡನ್ನೂ ಒಂದೂವರೆ ಗಂಟೆ ಜಾಸ್ತಿ ಓಡಿಸಿದೆ. ಕೆಲವು 12ಕ್ಕೆ ಇಳಿದುಬಿಟ್ಟವು. 14ರಲ್ಲಿರುವ 1000 ಕಿಲೋ ಜೋಳ 12ಕ್ಕೆ ಇಳಿದರೆ ಸುಮಾರು 23 ಕಿಲೋ ತೂಕ ಹೋಯಿತು ಅಂತಲೇ ಲೆಕ್ಕ. ಅದಕ್ಕೆ ಸುಟ್ಟ ಇಂಧನ ಬೇರೆ. ಕೊನೆಕೊನೆಯ ನೀರು ಕಾಳನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ, ಅದನ್ನು ಬಿಡಿಸುವುದಕ್ಕೇ ಶಾಖ ಜಾಸ್ತಿ ಬೇಕು.

ಬಿಸಿಗಾಳಿ ಹೊಡೆದ ಕಾಳಿನ ಹೊರಗೆ ಒಣಗಿರುತ್ತದೆ, ಒಳಗೆ ಇನ್ನೂ ಹಸಿ ಇರುತ್ತದೆ. ಮೀಟರ್‌ಗೆ ಹೊರಗಿನದೇ ಜಾಸ್ತಿ ಕಾಣುತ್ತದೆ, ಹಾಗಾಗಿ ಕಡಿಮೆ ಅಂಕಿ ತೋರಿಸುತ್ತದೆ. ಕಾಳಿನ ಬಿಸಿಗೆ ತಕ್ಕಂತೆ ಅಂಕಿ ಸರಿಪಡಿಸುವ ವ್ಯವಸ್ಥೆ ಇದರಲ್ಲಿದೆ, ನಿಜ. ಆದರೆ ಒಳಗಿನ ಹಸಿ ಅದಕ್ಕೂ ಸಿಗುವುದಿಲ್ಲ. ಕೈಪಿಡಿಯಲ್ಲಿ ಇದರ ಬಗ್ಗೆ ಒಂದೇ ಸಾಲು, ಅದೂ ಕೊನೆಯ ಪುಟದಲ್ಲಿ. ಅದನ್ನು ಇವತ್ತಿಗೂ ಕ್ಷಮಿಸಿಲ್ಲ.

ಎರಡನೇ ವರ್ಷದಿಂದ ಒಂದು ರೂಢಿ ಮಾಡಿಕೊಂಡೆ. ಬಿಗಿ ಮುಚ್ಚಳದ ಒಂದು ಸ್ಟೀಲ್ ಡಬ್ಬಿ ಇದೆ. ಡ್ರೈಯರ್‌ನ ಮೂರು ಕಡೆಯಿಂದ ಒಂದೊಂದು ಹಿಡಿ ಕಾಳು ತೆಗೆಯುತ್ತೇನೆ. ಒಡೆದ ಕಾಳು, ಕಸ ಹೆಕ್ಕಿ ಬಿಸಾಡುತ್ತೇನೆ. ತಕ್ಷಣ ಒಂದು ಸಲ ಅಳೆದು, ಡಬ್ಬಿಗೆ ಹಾಕಿ ಮುಚ್ಚಿಡುತ್ತೇನೆ. ಕಾಳು ಪೂರ್ತಿ ತಣ್ಣಗಾದ ಮೇಲೆ ಮತ್ತೆ ಮೂರು ಸಲ ಅಳೆಯುತ್ತೇನೆ, ಪ್ರತಿ ಸಲವೂ ಒಂದೇ ಎತ್ತರದಿಂದ ನಿಧಾನವಾಗಿ ಸುರಿದು. ಬಿಸಿ ಅಂಕಿ, ತಣ್ಣನೆ ಅಂಕಿ, ಮರುದಿನದ ಅಂಕಿ, ಮೂರೂ ನೋಟ್‌ಬುಕ್ಕಿಗೆ. ರಾತ್ರಿ ಎಷ್ಟೇ ನಿದ್ದೆ ಬಂದರೂ ಇದನ್ನು ತಪ್ಪಿಸುವುದಿಲ್ಲ.

ಒಂದು ಸುಗ್ಗಿ ಮುಗಿಯುವಷ್ಟರಲ್ಲಿ ನೋಟ್‌ಬುಕ್ಕೇ ದಾರಿ ತೋರಿಸಿತು. ನನ್ನ ಡ್ರೈಯರ್‌ನಲ್ಲಿ, ನಾನು ಕೊಡುವ ಶಾಖಕ್ಕೆ, ಬಿಸಿ ಅಂಕಿಗೂ ನಿಜಕ್ಕೂ ಅಂತರ ಹೆಚ್ಚುಕಡಿಮೆ ಒಂದೂವರೆ. ಶಾಖ ಏರಿಸಿದರೆ ಅಂತರವೂ ಏರುತ್ತದೆ. ಹಾಗಾಗಿ ಈಗ ಬಿಸಿ ಕಾಳು 14 ತೋರಿಸಿದ ತಕ್ಷಣ ಬರ್ನರ್ ನಿಲ್ಲಿಸುತ್ತೇನೆ. ಹೌದು, ಮೊದಲ ವರ್ಷ ಮೋಸ ಮಾಡಿದ ಅದೇ 14! ಆದರೆ ಈಗ ಮೂಟೆ ಕಟ್ಟುವುದಿಲ್ಲ. ಕಾಳನ್ನು ಬಿಸಿಬಿಸಿಯಾಗಿಯೇ ಬೇರೆ ತೊಟ್ಟಿಗೆ ಹಾಕಿ 6 ಗಂಟೆ ಸುಮ್ನೆ ಬಿಡುತ್ತೇನೆ. ಒಳಗಿನ ಹಸಿ ಹೊರಗೆ ಬರುತ್ತದೆ. ಆಮೇಲೆ ಬರೀ ಫ್ಯಾನ್. ಕಾಳಲ್ಲಿ ಉಳಿದ ಬಿಸಿಯೇ ಆ ಒಂದೂವರೆಯನ್ನು ಹೊತ್ತುಕೊಂಡು ಹೋಗುತ್ತದೆ. ಬರ್ನರ್ ಸದ್ದು ನಿಂತು ಫ್ಯಾನ್ ಮಾತ್ರ ಓಡುವ ಆ ಹೊತ್ತು ನನಗೆ ತುಂಬಾ ಇಷ್ಟ. ಕಾಳು ಬಿರಿಯುವುದೂ ಕಡಿಮೆಯಾಗಿದೆ.

ಕೊಳ್ಳುವವರಿಗೆ ಒಂದೆರಡು ಮಾತು. ಶೇ. 25 ದಾಟಿದ ಹಸಿ ಕಾಳಿಗೆ ಇದರ ಅಂಕಿ ನಂಬಬೇಡಿ, ಒಂದೊಂದು ಸಲಕ್ಕೆ ಒಂದೊಂದು ತೋರಿಸುತ್ತದೆ. ಸುಗ್ಗಿಗೆ ಮೊದಲು ಬ್ಯಾಟರಿ ಬದಲಿಸಿ. ವರ್ಷಕ್ಕೊಮ್ಮೆ ಕಾಳನ್ನು ಓವನ್‌ನಲ್ಲಿ ಒಣಗಿಸಿ, ಎಷ್ಟು ತೂಕ ಇಳಿಯಿತು ಅಂತ ನೋಡಿ ಮೀಟರ್ ಅಂಕಿಯನ್ನು ತಾಳೆ ನೋಡುವುದು ಒಳ್ಳೆಯದು: ಇಡೀ ಮೆಕ್ಕೆಜೋಳದ ಕಾಳಿಗೆ 103 ಡಿಗ್ರಿ ಸೆಲ್ಸಿಯಸ್, 72 ಗಂಟೆ. ಈ ವರ್ಷ ತಾಳೆ ನೋಡಿದಾಗ ನನ್ನ ಮೀಟರ್, ತಣ್ಣನೆ ಕಾಳಿಗೆ, 0.4 ಮಾತ್ರ ಆಚೀಚೆ ಇತ್ತು.