‘ನೈಸ್’ ಸಾಕು, ಬೇರೆ ಹೇಳಿ ಅನ್ನುವ ಡಿಕ್ಷನರಿ

ಸಕಲೇಶಪುರದ ಹತ್ತಿರ ನಮ್ಮದೊಂದು ಸಣ್ಣ ಹೋಮ್‌ಸ್ಟೇ ಇದೆ. ಬರುವವರು ಜಾಸ್ತಿ ಬೆಂಗಳೂರಿನವರು, ಆಮೇಲೆ ಚೆನ್ನೈ, ಪುಣೆ ಕಡೆಯವರು. ಹಾಗಾಗಿ ಬುಕಿಂಗ್ ಪುಟದಲ್ಲಿ ಎಲ್ಲವನ್ನೂ ಇಂಗ್ಲಿಷಿನಲ್ಲೇ ಬರೆಯಬೇಕು. ಮೊದಲು ಬರೆದುಕೊಟ್ಟವನು ನಮ್ಮ ಅಕ್ಕನ ಮಗ. ಸಾಲಿಗೊಂದು ನೈಸ್. ನೈಸ್ ರೂಮ್, ನೈಸ್ ಫುಡ್, ನೈಸ್ ವ್ಯೂ, ನೈಸ್ ಪೀಪಲ್. ಓದಿದವರಿಗೆ ರೂಮೂ ಕಾಣಿಸುವುದಿಲ್ಲ, ಊಟವೂ ಕಾಣಿಸುವುದಿಲ್ಲ.

ಅದನ್ನು ತಿದ್ದಲು ಕೂತಾಗ ಕೈಗೆ ಬಂದದ್ದು ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ. ಮಗಳು ಕಾಲೇಜಿಗೆ ಹೋಗುವಾಗ ತಂದಿದ್ದ ಹಳೇ ಪ್ರತಿ. ಅರ್ಥ ನೋಡೋದಕ್ಕೆ ಯಾವ ಡಿಕ್ಷನರಿ ಆದರೂ ಆದೀತು. ನಾನು ಇದನ್ನು ಹೊಗಳುವುದು ಪುಟದ ಮಧ್ಯೆ ಮಧ್ಯೆ ಬರುವ ಚೌಕಗಳಿಗಾಗಿ. ಒಂದೇ ಅರ್ಥದ ಹಾಗೆ ಕಾಣುವ ಪದಗಳನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿ, ಯಾವುದನ್ನು ಯಾವುದರ ಜೊತೆ ಹೇಳುತ್ತಾರೆ ಅಂತ ತೋರಿಸುತ್ತಾರೆ.

‘ನೈಸ್’ ತೆಗೆದರೆ ಅಲ್ಲೊಂದು ಚೌಕ ಇದೆ. ಸುಮ್ನೆ ನೈಸ್, ವೆರಿ ನೈಸ್ ಅನ್ನುವ ಬದಲು ಇವನ್ನು ಬಳಸಿ ಅಂತ ಹೇಳಿ, ಒಂದೊಂದು ವಿಷಯಕ್ಕೂ ಬೇರೆ ಪದ ಕೊಟ್ಟಿದ್ದಾರೆ. ಹವೆಗೆ ಪ್ಲೆಸೆಂಟ್. ರೂಮಿಗೆ ಕೋಝಿ, ಕಂಫರ್ಟಬಲ್. ಅನುಭವಕ್ಕೆ ಎಂಜಾಯಬಲ್. ಮನುಷ್ಯರಿಗೆ ಕೈಂಡ್, ಚಾರ್ಮಿಂಗ್. ಕೋಝಿ ಅಂದರೆ ಚಿಕ್ಕದಾದರೂ ಬೆಚ್ಚಗೆ, ಹಿತವಾಗಿರುವುದು. ನಮ್ಮ ಹೆಂಚಿನ ಮನೆಯ ಚಿಕ್ಕ ರೂಮಿಗೆ ಅದನ್ನೇ ಹಾಕಿದೆ. ‘ಎ ಕೋಝಿ ರೂಮ್ ಅಂಡರ್ ಎ ಟೈಲ್ಡ್ ರೂಫ್.’ ಈಗ ಬರುವವರು ರೂಮ್ ಚಿಕ್ಕದು ಅಂತ ಗೊಣಗುವುದಿಲ್ಲ. ಗೊತ್ತಿದ್ದೇ ಬರುತ್ತಾರೆ. ಪ್ಲೆಸೆಂಟ್ ವೆದರ್ ಅನ್ನೋದನ್ನು ಮಾತ್ರ ಜೂನ್‌ನಿಂದ ಸೆಪ್ಟೆಂಬರ್ ತನಕ ಪುಟದಿಂದ ತೆಗೆದಿಡುತ್ತೇನೆ. ಆ ಮಳೆ, ಆ ಜಿಗಣೆ ನೋಡಿದವರು ನನ್ನನ್ನು ಸುಮ್ಮನೆ ಬಿಡಲ್ಲ.

ದುಡ್ಡಿನ ವಿಷಯಕ್ಕೆ ಬಂದರೆ ‘ಚೀಪ್’ ಚೌಕ ಇನ್ನೂ ಚೆನ್ನಾಗಿದೆ. ಅಲ್ಲಿ ಅಫೋರ್ಡಬಲ್, ರೀಸನಬಲ್, ಬಜೆಟ್, ಇನೆಕ್ಸ್‌ಪೆನ್ಸಿವ್ ಎಲ್ಲ ಇವೆ. ಎಲ್ಲಕ್ಕೂ ಅರ್ಥ ಕಮ್ಮಿ ಬೆಲೆ ಅಂತಲೇ. ಆದರೆ ಚೀಪ್ ಅಂದರೆ ಮಾಲು ಕಳಪೆ ಅನ್ನುವ ವಾಸನೆ ಬರಬಹುದು, ಅದಕ್ಕೇ ಕೆಲವರು ಇನೆಕ್ಸ್‌ಪೆನ್ಸಿವ್ ಅನ್ನುತ್ತಾರೆ ಅಂತ ಬಿಡಿಸಿ ಹೇಳಿದ್ದಾರೆ. ಬಜೆಟ್ ಅನ್ನೋದು ಹೆಚ್ಚಾಗಿ ಜಾಹೀರಾತಿನ ಮಾತಂತೆ. ರೀಸನಬಲ್ ಅಂದರೆ ಬೆಲೆ ಜಾಸ್ತಿಯೇನಲ್ಲ, ನ್ಯಾಯವಾಗಿದೆ ಅಂತ. ನನಗೆ ಬೇಕಾಗಿದ್ದು ಇದೇ. ‘ಅವರ್ ರೇಟ್ಸ್ ಆರ್ ರೀಸನಬಲ್’ ಅಂತ ಬರೆದೆ. ನಮ್ಮ ಯಜಮಾನರಿಗೆ ಬಜೆಟ್ ಇಷ್ಟವಿತ್ತು. ಬಜೆಟ್ ಅಂದರೆ ಬಸ್‌ಸ್ಟ್ಯಾಂಡ್ ಪಕ್ಕದ ಲಾಡ್ಜು ಕಣ್ರೀ ಅಂದೆ, ಸುಮ್ಮನಾದರು.

ಇದೇ ಕೆಲಸವನ್ನು ಅಕ್ಕನ ಮಗ ಫೋನಿನ ಒಂದು ಆ್ಯಪ್‌ನಲ್ಲಿ ಮಾಡಿದ. ಅದರಲ್ಲಿ ಬರೀ ಪಟ್ಟಿ, ಒಂದು ವಾಕ್ಯವೂ ಇಲ್ಲ. ಚೀಪ್ ಕೆಳಗೆ ಶ್ಯಾಬಿ ಅಂತ ಕಂಡಿತು, ‘ಶ್ಯಾಬಿ ರೂಮ್ಸ್’ ಅಂತ ಹಾಕಿಯೇಬಿಟ್ಟ. ‘ಚಿಕ್ಕಮ್ಮ, ಎರಡೂ ಒಂದೇ ಅಂತ ಅದರಲ್ಲೇ ಇದೆ’ ಅಂತ ವಾದ ಬೇರೆ. ಶ್ಯಾಬಿ ಅಂದರೆ ಬಣ್ಣ ಹೋಗಿ ಹಳತಾಗಿ ಜೋಲುಬಿದ್ದದ್ದು. ಪುಣ್ಯಕ್ಕೆ ಪುಟಕ್ಕೆ ಏರಿಸುವ ಮುಂಚೆ ಸಿಕ್ಕಿಬಿದ್ದ. ಇಂಥ ಪಟ್ಟಿ, ಇಂಗ್ಲಿಷ್ ಮೊದಲೇ ಬಂದವರಿಗೆ ಮಾತ್ರ ಉಪಯೋಗ. ನಮ್ಮಂಥವರಿಗೆ ಪದದ ಜೊತೆ ವಾಕ್ಯ ಬೇಕೇ ಬೇಕು, ಅಲ್ವಾ? ಕನ್ನಡದಲ್ಲೂ ಹಾಗೇ ತಾನೆ. ಗಂಡ ಹೆಂಡತಿ ಮಧ್ಯೆ ಮುನಿಸು ಇರುತ್ತದೆ. ಮೇಷ್ಟ್ರು ಹುಡುಗರ ಮೇಲೆ ರೇಗುತ್ತಾರೆ, ಮುನಿಸಿಕೊಳ್ಳುವುದಿಲ್ಲ.

ಸಿಟ್ಟಿನ ಮಾತು ಬಂತು ನೋಡಿ, ‘ಆ್ಯಂಗ್ರಿ’ ಚೌಕವೂ ನನಗೆ ಕೆಲಸಕ್ಕೆ ಬರುತ್ತದೆ, ದೂರು ಬರೆದವರಿಗೆ ಉತ್ತರ ಕೊಡುವಾಗ. ವ್ಯಕ್ತಿಯ ಮೇಲಾದರೆ ‘ಆ್ಯಂಗ್ರಿ ವಿತ್’, ವಿಷಯಕ್ಕಾದರೆ ‘ಆ್ಯಂಗ್ರಿ ಅಬೌಟ್’. ಈ ವಿತ್, ಅಬೌಟ್‌ಗಳೇ ನಮ್ಮ ಕಾಲಿಗೆ ತೊಡರುವ ಬಳ್ಳಿಗಳು. ಇವನ್ನೂ ಚೌಕದಲ್ಲೇ ಕೊಟ್ಟಿರುವುದು ದೊಡ್ಡ ಅನುಕೂಲ.

ಇಷ್ಟು ಮುತುವರ್ಜಿಗೆ ಕಾರಣ ಇದೆ. ಎ. ಎಸ್. ಹಾರ್ನ್‌ಬಿ ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಮೇಷ್ಟ್ರು. ಇನ್ನಿಬ್ಬರ ಜೊತೆ ಸೇರಿ ಅವರು ಮಾಡಿದ ಈ ಡಿಕ್ಷನರಿ 1942ರಲ್ಲಿ ಮೊದಲು ಅಚ್ಚಾಗಿದ್ದು ಟೋಕಿಯೊದಲ್ಲಿ, ಬೇರೆ ಹೆಸರಲ್ಲಿ. 1948ರಲ್ಲಿ ಆಕ್ಸ್‌ಫರ್ಡ್‌ನವರು ತಂದರು. ಮನೆಮಾತು ಬೇರೆ ಇರುವವರು ಎಲ್ಲಿ ಎಡವುತ್ತಾರೆ ಅನ್ನೋದು ಶುರುವಿನಿಂದಲೇ ಇದನ್ನು ಮಾಡಿದವರ ತಲೆಯಲ್ಲಿತ್ತು.

ಕೊರತೆಯೂ ಇದೆ. ಕನ್ನಡ ಅರ್ಥ ಇಲ್ಲ, ಇಂಗ್ಲಿಷಿಗೆ ಇಂಗ್ಲಿಷೇ. ವಿವರಣೆ ಸುಲಭದ ಪದಗಳಲ್ಲೇ ಇದೆ, ಆದರೂ ಏಳನೇ ಕ್ಲಾಸಿನ ಮಕ್ಕಳಿಗೆ ಕಷ್ಟ. ಚೌಕ ಎಲ್ಲ ಪದಕ್ಕೂ ಇಲ್ಲ. ಅಕ್ಷರ ಸಣ್ಣದು, ಕನ್ನಡಕ ಬೇಕು. ತೂಕವೂ ಜಾಸ್ತಿ, ಮಲಗಿಕೊಂಡು ಓದುವ ಪುಸ್ತಕ ಅಲ್ಲ. ಊಟದ ವರ್ಣನೆಗೂ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಅಕ್ಕಿರೊಟ್ಟಿ, ಎಣ್ಣೆಗಾಯಿ ಬಗ್ಗೆ ನಾನೇ ಯೋಚಿಸಿ ಬರೆದೆ.

2020ರಲ್ಲಿ ಹತ್ತನೇ ಆವೃತ್ತಿ ಬಂದಿದೆ. ಆಕ್ಸ್‌ಫರ್ಡ್‌ನವರ ವೆಬ್‌ಸೈಟಿನಲ್ಲಿ ದುಡ್ಡು ಕೊಡದೆಯೂ ನೋಡಬಹುದು, ಬ್ರಿಟಿಷ್ ಮತ್ತು ಅಮೆರಿಕನ್ ಉಚ್ಚಾರಣೆ ಎರಡನ್ನೂ ಕೇಳಬಹುದು. ನೆಟ್‌ವರ್ಕ್ ಇರುವ ಊರಿನವರಿಗೆ ಅಷ್ಟೇ ಸಾಕು. ನಮ್ಮ ತೋಟದ ಹಾಗೆ ಗಾಳಿಮಳೆಗೆ ಸಿಗ್ನಲ್ ಹೋಗುವ ಕಡೆ ಇರುವವರು ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಹಳೇ ಪ್ರತಿ ಹುಡುಕಿ. ತೊಗೊಳ್ಳುವ ಮುಂಚೆ ‘ನೈಸ್’ ಇರುವ ಪುಟ ತೆಗೆದು ಚೌಕ ಇದೆಯಾ ನೋಡಿ. ಇಲ್ಲದಿದ್ದರೆ ವಾಪಸ್ ಇಡಿ.