ಬೋನ್ ಮ್ಯಾರೋ ಟೆಸ್ಟ್: ಡಾಕ್ಟರಿಗೆ ಐದು ಸ್ಟಾರ್, ಕೌಂಟರಿಗೆ ಒಂದು

ಕಾಕಾಗೆ ಬ್ಲಡ್ ಕ್ಯಾನ್ಸರ್ ಅನುಮಾನ ಇತ್ತು, ಎಲುಬಿನೊಳಗಿನ ಮಜ್ಜೆ ತೆಗೆದು ನೋಡುವ ಬಯಾಪ್ಸಿಗೆ ಕಲಬುರಗಿಯ ಒಂದು ಖಾಸಗಿ ಆಸ್ಪತ್ರೆಗೆ ಹೋಗಿದ್ದೆವು. ರಕ್ತ ತೆಳುವಾಗುವ ಗುಳಿಗೆ ತಗೋತೀರಾ ಅಂತ ಬುಕಿಂಗ್‌ನಲ್ಲಿ ಯಾರೂ ಕೇಳಲಿಲ್ಲ, ಅಲ್ಲಿಗೆ ಹೋದ ಮೇಲೆ ನಾವೇ ಹೇಳಿದ್ದಕ್ಕೆ ದಿನ ಮುಂದೆ ಹಾಕಿದರು, ಯಾದಗಿರಿಯಿಂದ ಬಂದವರು ಸುಮ್ನೆ ವಾಪಸ್. ನೀವು ಫೋನಲ್ಲೇ ಹೇಳಿಬಿಡಿ. ಆದರೆ ಡಾಕ್ಟರನ್ನು ಕೇಳದೆ ಗುಳಿಗೆ ನಿಲ್ಲಿಸಬೇಡಿ.

ಬಯಾಪ್ಸಿ ಮಾತ್ರ ಚೆನ್ನಾಗಿ ಮಾಡಿದರು. ಮಗ್ಗುಲಾಗಿ ಮಲಗಿಸಿ, ಸೊಂಟದ ಹಿಂದಿನ ಎಲುಬಿನ ಹತ್ತಿರ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಮಜ್ಜೆ ಎಳೆಯುವಾಗ ಒಂದು ಸಲ ಜೋರಾಗಿ ಚಳಕು ಬರುತ್ತೆ ಅಂತ ಮೊದಲೇ ಹೇಳಿದರು. ಬಂತು, ಹೋಯ್ತು. ಆಮೇಲೆ ಕಾಕಾ ಚಹಾ ಕೇಳಿದರು!

ಜೀನ್ ರಿಪೋರ್ಟ್‌ನಲ್ಲಿ 'ಬಿಸಿಆರ್-ಎಬಿಎಲ್1 ಪಾಸಿಟಿವ್' ಅಂತಿತ್ತು. ಕೌಂಟರಿನವರು ಕವರ್ ಕೈಗಿಟ್ಟು ಕಳಿಸಿದರು, ಪಾಸಿಟಿವ್ ಅಂದರೆ ಒಳ್ಳೆಯದೇ ಅಂತ ಕಾಕು ದೇವರಿಗೆ ಕೈ ಮುಗಿದರು. ಡಾಕ್ಟರೇ ಆಮೇಲೆ ಅದೇ ಕವರ್ ಮೇಲೆ ಎರಡು ಗೆರೆ ಎಳೆದು ತೋರಿಸಿದರು: ಪಾಸಿಟಿವ್ ಅಂದರೆ ಬ್ಲಡ್ ಕ್ಯಾನ್ಸರಿನ ಜೀನ್ ದೋಷ ಸಿಕ್ಕಿದೆ ಅಂತ, ಜೀನ್‌ಗಳನ್ನು ಹೊತ್ತ ಎಳೆಗಳಾದ ಕ್ರೋಮೋಸೋಮುಗಳಲ್ಲಿ 9 ಮತ್ತು 22ನೇದರ ತುಂಡುಗಳು ಅದಲುಬದಲಾಗಿವೆ, ಇದು ಹುಟ್ಟಿನಿಂದ ಬಂದದ್ದಲ್ಲ, ಮಕ್ಕಳಿಗೂ ಹೋಗಲ್ಲ, ಇದಕ್ಕೆಂದೇ ಇಮಾಟಿನಿಬ್‌ನಂಥ ಗುಳಿಗೆಗಳಿವೆ. ಆ ಕವರ್ ಈಗ ಕಾಕು ಟ್ರಂಕಿನಲ್ಲಿದೆ.