ಥಂಡಿಗೆ 17, ಬೇಸಿಗೆಗೆ 16: ಕಲಬುರಗಿಯಲ್ಲಿ ಎರಡು ಸೆಟ್ ಗಾಲಿ ಇಟ್ಟುಕೊಂಡ ಅನುಭವ

ನನ್ನದು ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ, 1.5 ಲೀಟರ್ ಪೆಟ್ರೋಲ್, ಡಿಎಸ್‌ಜಿ ಗೇರ್ (ಒಂದು ಬಗೆಯ ಆಟೊಮ್ಯಾಟಿಕ್). ಡಿಸೆಂಬರ್ 2022ರಲ್ಲಿ ತಗೊಂಡಿದ್ದು. 52,000 ಕಿಲೋಮೀಟರ್ ಓಡಿದೆ. ಕಾರಿನ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುತ್ತಿರುವುದು ಗಾಲಿಗಳ ಬಗ್ಗೆ ಮಾತ್ರ. ಒಂದು ಕಾರಿಗೆ ನಮ್ಮ ಮನೆಯಲ್ಲಿ ಎಂಟು ಗಾಲಿ ಇವೆ, ಸ್ಟೆಪ್ನಿ ಬಿಟ್ಟು.

ಈ ಹುಚ್ಚು ಹತ್ತಿಸಿದ್ದು ಜರ್ಮನಿಯಲ್ಲಿರುವ ನಮ್ಮ ಭಾವ. ಅಲ್ಲಿ ಅಕ್ಟೋಬರ್ ಬಂತೆಂದರೆ ಬೇಸಿಗೆಯ ಗಾಲಿ ಬಿಚ್ಚಿ ಚಳಿಗಾಲದ ಗಾಲಿ ಹಾಕುತ್ತಾರೆ. ಈಸ್ಟರ್ ಹಬ್ಬದ ಹೊತ್ತಿಗೆ ಮತ್ತೆ ಅದಲು ಬದಲು. 7 ಡಿಗ್ರಿಗಿಂತ ಕೆಳಗೆ ಇಳಿದರೆ ಬೇಸಿಗೆ ಟೈರಿನ ರಬ್ಬರ್ ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ, ಅದಕ್ಕೆ. ಸ್ಪೋರ್ಟ್ಸ್ ಸೆಡಾನ್ ಇಟ್ಟವರು ಬೇಸಿಗೆಗೆ 19 ಇಂಚು ಹಾಕಿದರೆ ಚಳಿಗಾಲಕ್ಕೆ 18 ಅಥವಾ 17ಕ್ಕೆ ಇಳಿಯುತ್ತಾರೆ. ಚಿಕ್ಕ ಗಾಲಿಗೆ ಟೈರಿನ ಗೋಡೆ, ಅಂದರೆ ಗಾಲಿಯ ಅಂಚಿನಿಂದ ರಸ್ತೆಯವರೆಗಿನ ರಬ್ಬರ್, ಎತ್ತರ. ಹಿಮದಡಿ ಗುಂಡಿ ಇದ್ದರೆ ತಡೆಯುತ್ತದೆ, ಟೈರಿನ ಬೆಲೆಯೂ ಕಮ್ಮಿ.

ಇದನ್ನೆಲ್ಲ ಅಪ್ಪನಿಗೆ ವಿವರಿಸಿದೆ. ಅವರು ಚಹಾ ಕುಡಿಯುತ್ತಾ, "ಏನಪಾ, ಗಾಲಿಗೂ ಥಂಡಿ ಅಂಗಿ ಬ್ಯಾರೆ, ಬ್ಯಾಸಿಗಿ ಅಂಗಿ ಬ್ಯಾರೆ ಏನು?" ಅಂದರು.

ನಗಬೇಡಿ. ಜರ್ಮನಿಯವರ ಲೆಕ್ಕವನ್ನು ತಲೆಕೆಳಗು ಮಾಡಿದರೆ ನಮ್ಮ ಊರಿಗೂ ಹೊಂದುತ್ತದೆ. ಕಲಬುರಗಿಯಲ್ಲಿ ಜನವರಿ ಬೆಳಗ್ಗೆಯೂ 7 ಡಿಗ್ರಿ ಹತ್ತಿರ ಬರುವುದು ಅಪರೂಪ, ಹಾಗಾಗಿ ಹಿಮದ ಟೈರಿನ ಮಾತೇ ಇಲ್ಲ. ಅಂಥ ಮೆತ್ತಗಿನ ರಬ್ಬರ್ ನಮ್ಮ ಮೇ ತಿಂಗಳ ಡಾಂಬರಿನ ಮೇಲೆ ಬೆಣ್ಣೆಯಂತೆ ಸವೆದು ಹೋಗುತ್ತದೆ. ಆದರೆ ರಸ್ತೆಗೆ ಇಲ್ಲೂ ಕಾಲಮಾನ ಇದೆ, ಅಲ್ವಾ? ನಮ್ಮದು ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲಿನ ಹಳ್ಳಿ ರಸ್ತೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ಗುಂಡಿಯಲ್ಲಿ ನೀರು ನಿಂತರೆ ಅದು ಎರಡು ಇಂಚು ಆಳವೋ ಹತ್ತು ಇಂಚೋ ದೇವರೇ ಬಲ್ಲ. ನವೆಂಬರ್ ಹೊತ್ತಿಗೆ ತೇಪೆ ಬೀಳುತ್ತದೆ, ರಸ್ತೆ ಒಣಗುತ್ತದೆ, ಗಾಳಿ ತಣ್ಣಗಾಗುತ್ತದೆ. ಅಂದರೆ ನಮ್ಮಲ್ಲಿ ದೊಡ್ಡ ಗಾಲಿಗೆ ಹೇಳಿ ಮಾಡಿಸಿದ ಕಾಲ ಚಳಿಗಾಲ.

ಕಂಪನಿಯಿಂದ ಬಂದಿದ್ದು 205/55 ಆರ್16. ಅಂದರೆ ಟೈರಿನ ಅಗಲ 205 ಮಿಲಿಮೀಟರ್, ಗೋಡೆ ಆ ಅಗಲದ ಶೇಕಡಾ 55, ಗಾಲಿ 16 ಇಂಚು. ನವೆಂಬರ್ 2023ರಲ್ಲಿ 17 ಇಂಚಿನ ಸೆಟ್ ನೋಡಲು ಹೋದೆ. ಅಂಗಡಿಯವರು 18 ಹಾಕಿಸಿ, ಲುಕ್ ಬರುತ್ತದೆ ಅಂತ ಬೆನ್ನು ಹತ್ತಿದರು. 215/40 ಆರ್18 ಹಾಕಿದರೆ ಟೈರಿನ ಗೋಡೆ ಬರೀ 86 ಮಿಲಿಮೀಟರ್. ನನ್ನ 16ರದ್ದು 113. ಜೇವರ್ಗಿ ಕಡೆ ಹೊಲಕ್ಕೆ ಹೋಗುವವನಿಗೆ 86 ಅಂದರೆ ತಮಾಷೆ. ನಾನು ಆರಿಸಿದ್ದು 205/50 ಆರ್17. ಗೋಡೆ 102.5 ಮಿಲಿಮೀಟರ್. ಪೂರ್ತಿ ವ್ಯಾಸ 632ರಿಂದ 637 ಮಿಲಿಮೀಟರ್‌ಗೆ ಏರುತ್ತದೆ, ಶೇಕಡಾ 1 ಕೂಡ ವ್ಯತ್ಯಾಸ ಇಲ್ಲ. ಸ್ಪೀಡೋಮೀಟರ್ ಕೆಡುವುದಿಲ್ಲ.

ಇಲ್ಲಿ ಜಾಸ್ತಿ ಜನ ಎಡವುವ ಒಂದು ಜಾಗ ಇದೆ. ಟೈರಿನ ಅಳತೆಯ ಮುಂದೆ 91ವಿ, 89ವಿ ಅಂತ ಬರೆದಿರುತ್ತದೆ. ಅದರಲ್ಲಿ ಅಂಕಿ ಅಂದರೆ ಟೈರ್ ಎಷ್ಟು ಭಾರ ಹೊರುತ್ತದೆ ಅಂತ. 91 ಅಂದರೆ 615 ಕಿಲೋ, 89 ಅಂದರೆ 580. ನನಗೆ ಮೊದಲು ತೋರಿಸಿದ 17ರ ಟೈರ್ 89. ಐದು ಜನ ಕೂತು ಡಿಕ್ಕಿ ತುಂಬಾ ತೊಗರಿ ಬೇಳೆ ಹಾಕಿಕೊಂಡು ಬೆಂಗಳೂರಿಗೆ ಹೋಗುವ ಮನೆ ನಮ್ಮದು. ಬೇಡ ಅಂದೆ. ಎಕ್ಸ್‌ಎಲ್ (ಹೆಚ್ಚು ಭಾರ ಹೊರುವ ಬಗೆ) ಅಂತ ಬರೆದ 93 ತರಿಸಿದೆ, ಅದು 650 ಕಿಲೋ ಹೊರುತ್ತದೆ. ಹತ್ತು ದಿನ ಕಾಯಬೇಕಾಯಿತು. ಗಾಲಿ, ಟೈರ್ ಎಲ್ಲ ಸೇರಿ 82,000 ರೂಪಾಯಿ ಬಿತ್ತು. ಮನೆಯಲ್ಲಿ ಹೇಳಿದ ಲೆಕ್ಕ ಬೇರೆ.

ಹಾಕಿಸಿಕೊಂಡು ಬಂದ ದಿನವೇ 90ರ ಮೇಲೆ ಸ್ಟೀರಿಂಗ್ ನಡುಗಲು ಶುರುವಾಯಿತು. ಮೂರು ಸಲ ಬ್ಯಾಲೆನ್ಸಿಂಗ್ ಮಾಡಿಸಿದೆ. ಹೋಗಲಿಲ್ಲ. ಕೊನೆಗೆ ನಾನೇ ಗಾಲಿ ಬಿಚ್ಚಿ ನೋಡಿದರೆ ವಿಷಯ ತಿಳಿಯಿತು. ನಮ್ಮ ಕಾರಿನ ಹಬ್, ಅಂದರೆ ಗಾಲಿ ಕೂರುವ ನಡುವಿನ ಗುಬುಟು, 57.1 ಮಿಲಿಮೀಟರ್. ನಾನು ಹೊರಗಡೆ ತಗೊಂಡ ಗಾಲಿಯ ನಡುವಿನ ತೂತು 73.1. ನಡುವೆ ಒಂದು ರಿಂಗ್ ಕೂರಿಸಬೇಕು. ಅಂಗಡಿಯವರು ಕೂರಿಸಿಯೇ ಇರಲಿಲ್ಲ. ಅದಕ್ಕಿಂತ ಭಯ ಆಗಿದ್ದು ಬೋಲ್ಟ್ ನೋಡಿ. ಫೋಕ್ಸ್‌ವ್ಯಾಗನ್ ಬೋಲ್ಟಿನ ಕುತ್ತಿಗೆ ಗುಂಡಗೆ ಇರುತ್ತದೆ. ನನ್ನ ಹೊಸ ಗಾಲಿಗೆ ಬೇಕಾದದ್ದು ಓರೆ ಕುತ್ತಿಗೆಯ ಬೋಲ್ಟ್. ಗುಂಡಗಿನದನ್ನು ಓರೆ ತೂತಿಗೆ ಬಿಗಿದರೆ ಸರಿಯಾಗಿ ಕೂರುವುದಿಲ್ಲ, ಓಡುತ್ತಾ ಓಡುತ್ತಾ ಸಡಿಲ ಆಗಬಹುದು. ಇಪ್ಪತ್ತು ಹೊಸ ಬೋಲ್ಟ್, ನಾಲ್ಕು ಅಲ್ಯೂಮಿನಿಯಂ ರಿಂಗ್ ತರಿಸಿದೆ. 120 ನ್ಯೂಟನ್ ಮೀಟರ್‌ಗೆ ಟಾರ್ಕ್ ರೆಂಚ್‌ನಿಂದ (ಬಿಗಿತ ಅಳೆಯುವ ಪಾನಾ) ಬಿಗಿದೆ. ನಡುಕ ನಿಂತಿತು. ನೀವು ಗಾಲಿ ಬದಲಿಸುವವರಾದರೆ ಪಿಸಿಡಿ (ಬೋಲ್ಟ್ ತೂತುಗಳ ವೃತ್ತದ ಅಳತೆ) ನೋಡುತ್ತೀರಿ, ನಮ್ಮದು 5x100, ಅಂದರೆ 100 ಮಿಲಿಮೀಟರ್ ವೃತ್ತದಲ್ಲಿ ಐದು ತೂತು, ಅದು ಎಲ್ಲರಿಗೂ ಗೊತ್ತು. ಬೋಲ್ಟಿನ ಕುತ್ತಿಗೆ ಯಾರೂ ನೋಡುವುದಿಲ್ಲ. ದಯವಿಟ್ಟು ನೋಡಿ.

ಓಡಿಸಿದರೆ ಹೇಗೆ? ಫೆಬ್ರವರಿ ಬೆಳಗ್ಗೆ ಆರಕ್ಕೆ ಬೀದರ್ ಕಡೆ ಹೊರಡಿ. ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ತಗೊಂಡು ಮುಂದೆ ಹೋದರೆ ತಿರುವುಗಳು ಸಿಗುತ್ತವೆ. 16ರಲ್ಲಿ ಸ್ಟೀರಿಂಗ್ ತಿರುಗಿಸಿದ ಮೇಲೆ ಕಾರು ಒಂದು ಕ್ಷಣ ಯೋಚನೆ ಮಾಡುತ್ತದೆ. 17ರಲ್ಲಿ ಯೋಚನೆಯೇ ಇಲ್ಲ, ಮೂತಿ ತಿರುಗಿಯೇ ಬಿಡುತ್ತದೆ. ಹುಮನಾಬಾದ್ ದಾಟಿ ಬೀದರಿನ ಕೆಂಪು ಮಣ್ಣು ಕಾಣುವವರೆಗೂ ಮುಖದ ಮೇಲೆ ನಗು ಇರುತ್ತದೆ. ಇದಕ್ಕೇ 82,000 ಕೊಟ್ಟಿದ್ದು.

ತೊಂದರೆಯೂ ಇದೆ. ನಮ್ಮ ಪರಿಚಯದವರ ಅಡತಿ ಅಂಗಡಿಯ ಕಾಟಾದಲ್ಲಿ ತೂಗಿಸಿದೆ. ಟೈರ್ ಸಮೇತ 16ರ ಗಾಲಿ 17.9 ಕಿಲೋ, 17ರದ್ದು 20.4. ಹಮಾಲರು ನಕ್ಕರು. ಆ ಎರಡೂವರೆ ಕಿಲೋ ಗುಂಡಿಯಲ್ಲಿ ಬಿದ್ದಾಗ ಸೊಂಟಕ್ಕೆ ತಿಳಿಯುತ್ತದೆ. ಮೈಲೇಜು ಲೀಟರಿಗೆ ಅರ್ಧ ಕಿಲೋಮೀಟರ್ ಕಮ್ಮಿ. ಟೈರಿನ ಸದ್ದು ಜಾಸ್ತಿ. ಹೆಂಡತಿಗೆ 17 ಇಷ್ಟವಿಲ್ಲ, "ಎತ್ತಿನ ಗಾಡಿ ಆಗ್ಯಾದ" ಅನ್ನುತ್ತಾಳೆ.

2024ರಲ್ಲಿ ಸೋಮಾರಿತನ ಮಾಡಿ ಗಾಲಿ ಬದಲಿಸದೆ ಶ್ರಾವಣದವರೆಗೂ 17ರಲ್ಲೇ ಓಡಾಡಿದೆ. ಗಾಣಗಾಪುರಕ್ಕೆ ದತ್ತನ ದರ್ಶನಕ್ಕೆ ಹೋದ ದಿನ, ಒಳದಾರಿಯಲ್ಲಿ ನೀರು ತುಂಬಿದ ಗುಂಡಿಗೆ ಮುಂದಿನ ಎಡಗಾಲಿ ಇಳಿಯಿತು. ದಡ್ ಅಂತ ಸದ್ದು. ಗಾಲಿ ಬಾಗಲಿಲ್ಲ, ಗಾಳಿ ಹೋಗಲಿಲ್ಲ. ಮನೆಗೆ ಬಂದು ನೋಡಿದರೆ ಟೈರಿನ ಗೋಡೆಯಲ್ಲಿ ನಿಂಬೆಹಣ್ಣಿನಷ್ಟು ಗುಳ್ಳೆ. ಒಳಗಿನ ದಾರಗಳು ಹರಿದಾಗ ಹೀಗೆ ಆಗುತ್ತದೆ. ಇದಕ್ಕೆ ಪಂಕ್ಚರ್ ಹಾಕಿದಂತೆ ರಿಪೇರಿ ಇಲ್ಲ, ಎಸೆಯಬೇಕು ಅಷ್ಟೇ. 9,800 ರೂಪಾಯಿ. ಅದೇ ರಸ್ತೆಯಲ್ಲಿ 16 ಹಾಕಿಕೊಂಡು ನಾಲ್ಕು ಸಲ ಹೋಗಿ ಬಂದಿದ್ದೇನೆ, ಏನೂ ಆಗಿಲ್ಲ. ಹತ್ತು ಮಿಲಿಮೀಟರ್ ರಬ್ಬರ್ ಅಂದರೆ ಸುಮ್ನೆ ಅಲ್ಲ.

ಅಂದಿನಿಂದ ನಿಯಮ ಮಾಡಿಕೊಂಡಿದ್ದೇನೆ. ಮಾರ್ಚ್ ಹೊತ್ತಿಗೆ ಬರುವ ಶರಣಬಸವೇಶ್ವರ ಜಾತ್ರೆಯ ತೇರು ಎಳೆದ ವಾರದಲ್ಲಿ 17 ಇಳಿಯುತ್ತದೆ, ದೀಪಾವಳಿ ಮುಗಿದ ಮೇಲೆ ಹತ್ತುತ್ತದೆ. ಟೈರ್ ಗಾಲಿಯ ಮೇಲೇ ಇರುವುದರಿಂದ ಮನೆ ಮುಂದೆ ನಾನೇ ಒಂದು ಗಂಟೆಯಲ್ಲಿ ಬದಲಿಸುತ್ತೇನೆ. ಬದಲಿಸಿದ ಮೇಲೆ ಗಾಳಿ ಎಚ್ಚರಿಕೆಯ ವ್ಯವಸ್ಥೆಯನ್ನು ರಿಸೆಟ್ ಮಾಡಬೇಕು. ಅದು ಗಾಲಿ ತಿರುಗುವ ವೇಗ ನೋಡಿ ಗಾಳಿ ಊಹಿಸುತ್ತದೆ, ಹೊಸ ವ್ಯಾಸ ಅದಕ್ಕೆ ಗೊತ್ತಿರುವುದಿಲ್ಲ. ಗಾಳಿಯನ್ನು ಬೆಳಗ್ಗೆ ಟೈರ್ ತಣ್ಣಗಿದ್ದಾಗಲೇ ಹಿಡಿಸಿ. ಐದಾರು ಡಿಗ್ರಿಗೆ ಒಂದು ಪಿಎಸ್‌ಐ ಏರುತ್ತದೆ. ಮೇ ತಿಂಗಳ 42 ಡಿಗ್ರಿಯಲ್ಲಿ ಮಧ್ಯಾಹ್ನ ನೋಡಿ, ಜಾಸ್ತಿ ಆಯ್ತು ಅಂತ ಗಾಳಿ ಬಿಟ್ಟರೆ ಮರುದಿನ ಬೆಳಗ್ಗೆ ಕಮ್ಮಿ ಆಗಿರುತ್ತದೆ. ಗಾಳಿ ಕಮ್ಮಿ ಇರುವ ಟೈರೇ ಬಿಸಿಲಲ್ಲಿ ಸಿಡಿಯುವುದು.

ಬಿಚ್ಚಿದ ಸೆಟ್ ಮೊದಲು ಬೋರಿನ ಮೋಟಾರ್ ಇರುವ ಕೋಣೆಯಲ್ಲಿ ಇಟ್ಟಿದ್ದೆ. ತಪ್ಪು. ಮೋಟಾರು, ಸ್ಟಾರ್ಟರಿನ ಕಿಡಿಯಿಂದ ಓಝೋನ್ ಹುಟ್ಟಿದರೆ ರಬ್ಬರ್ ಬಿರುಕು ಬಿಡಬಹುದು. ಈಗ ಜೋಳದ ಕೋಣೆಯಲ್ಲಿ, ಶಹಾಬಾದ್ ಕಲ್ಲಿನ ನೆಲದ ಮೇಲೆ, ಒಂದರ ಮೇಲೊಂದು ಮಲಗಿಸಿ ಬಟ್ಟೆ ಮುಚ್ಚಿದ್ದೇನೆ.

ನಿಮಗೂ ಎರಡು ಸೆಟ್ ಬೇಕಾ? ವರ್ಷದಲ್ಲಿ ಎಂಟು ತಿಂಗಳು ನನ್ನ 17 ಮಲಗಿಯೇ ಇರುತ್ತದೆ. ದುಡ್ಡಿನ ಲೆಕ್ಕದಲ್ಲಿ ನೋಡಿದರೆ ಬೇಡ. ಅದೇ 16ರ ಗಾಲಿಗೆ ನಾಲ್ಕು ಒಳ್ಳೆಯ ಟೈರ್ ಹಾಕಿಸಿದರೆ ಅರ್ಧ ದುಡ್ಡಿನಲ್ಲಿ ಮುಕ್ಕಾಲು ಸುಖ ಸಿಗುತ್ತದೆ. ಬರೀ 17 ಒಂದೇ ಸೆಟ್ ಇಟ್ಟುಕೊಂಡು ಮಳೆಗಾಲ ಕಳೆಯುತ್ತೇನೆ ಅನ್ನುವವರು ಮಾತ್ರ ಇನ್ನೊಮ್ಮೆ ಯೋಚನೆ ಮಾಡಿ. ನನ್ನ ಸೆಟ್ ಮಾರುತ್ತೀರಾ ಅಂತ ಸೇಡಂ ರಸ್ತೆಯ ಗೆಳೆಯರೊಬ್ಬರು ಎರಡು ಸಲ ಕೇಳಿದರು. ಬೀದರ್ ದಾರಿ ನೆನಪಾಗಿ ಎರಡು ಸಲವೂ ಮಾತು ಬದಲಿಸಿದೆ.